ಮುನಿಗಂಗಪ್ಪನ ಮೀನಂಗಡಿ

ಶಿಡ್ಲಘಟ್ಟ
16-2-2003

ತಮ್ಮ ವೇಣುವಿಗೆ ಅಕ್ಕ ಆಂಜಿನಮ್ಮ ಬರೆಯುವುದು.

ನಾವು ಕ್ಷೇಮ ಅಂತ ಮೊದಲು ಬರೆಯಬೇಕು. ಕ್ಷೇಮವೇ. ಆದರೂ ಕಾಗದ ಓದಿ ಗಾಬರಿಯಾಗಬೇಡ, ಗಾಬರಿಯಾಗದೆ ಸುಮ್ಮನೆ ಕೂರಲೂ ಬೇಡ. ಯುಗಾದಿಯೊಳಗೆ ಊರಿಗೆ ಬಂದು ಅಂಗಡಿಯ ಬಾಣಲೆ ಮುಂದೆ ನಿಲ್ಲುತ್ತೀಯಾ? ನನ್ನ ಕೈಲಿ ಇನ್ನು ಆಗುವುದಿಲ್ಲ. ನೀನು ಬರದೆ ಹೋದರೆ ಅಪ್ಪನ ಅಂಗಡಿ ಮುಚ್ಚಬೇಕಾಗುತ್ತದೆ.

ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಬೂತು ನಮ್ಮ ಅಂಗಡಿಗೆ ಎದುರಿಗೇ ಇದೆ. ಅದರ ಗಾಜಿನ ಬಾಗಿಲು ಒಡೆದು ಆರು ತಿಂಗಳಾಯಿತು. ಒಳಗೆ ಆಡಿದ ಮಾತು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುತ್ತದೆ, ಸಾಯಂಕಾಲ ನಮ್ಮಲ್ಲಿ ಮೀನು ತಿನ್ನಲು ಬರುವವರೂ ಅವರೇ. ಅದಕ್ಕೇ ಕಾಗದ. ಅಪ್ಪ ನನ್ನನ್ನು ಐದನೇ ಕ್ಲಾಸಿಗೆ ಬಿಡಿಸಿ ಈರುಳ್ಳಿ ಹೆಚ್ಚಲು ಕೂರಿಸಿದ. ನನ್ನ ಅಕ್ಷರ ಅಲ್ಲಿಗೇ ನಿಂತಿದೆ, ಹೇಗೋ ಓದಿಕೋ.

ಯಾಕೆ ಆಗುವುದಿಲ್ಲ ಅಂದರೆ ಒಂದೇ ಕಾರಣವೇ? ಕೆರೆಗೆ ಈ ವರ್ಷವೂ ಮೀನುಮರಿ ಬಿಟ್ಟಿಲ್ಲ. ಆಂಧ್ರದಿಂದ ಐಸ್ ಪೆಟ್ಟಿಗೆಯಲ್ಲಿ ಬರುವ ಮೀನೇ ಗತಿ. ತರುವವನು "ಪೊದ್ದುನ್ನೇ ಪಟ್ಟಿನವಕ್ಕಾ" ಅನ್ನುತ್ತಾನೆ. ಬೆಳಿಗ್ಗೆ ಹಿಡಿದದ್ದು ಸರಿ, ಯಾವತ್ತಿನ ಬೆಳಿಗ್ಗೆ ಅಂದರೆ ಹಲ್ಲು ಕಿರಿಯುತ್ತಾನೆ. ನಮ್ಮ ಬೋರ್ಡಿನಲ್ಲಿ ಅಪ್ಪನ ಹೆಸರಿನ ಕೆಳಗೆ ಇನ್ನೂ ಕೆರೆ ಮೀನು ಅಂತಲೇ ಇದೆ. ಯಾರಾದರೂ ಕೇಳಿದರೆ ಏನು ಹೇಳಲಿ ಅಂತ ನನಗೆ ದಿನವೂ ಒಂದು ಭಯ. ಇದುವರೆಗೂ ಯಾರೂ ಕೇಳಿಲ್ಲ. ಕೇಳದೆ ಇರುವುದೂ ಒಂದು ಭಯ.

ಅಪ್ಪ ಇದ್ದಾಗ ಹೀಗಿರಲಿಲ್ಲ. ಕೆರೆ ಮೀನು ಹಿಡಿಯುವ ದಿನ ಏರಿ ಮೇಲೆ ಮೂರು ಕಲ್ಲಿಟ್ಟು ಬಾಣಲೆ ಹೂಡಿದವನು. ಆಗ ನಾನು ಹತ್ತು ವರ್ಷದವಳು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ತಗಡಿನ ಶೆಡ್ಡು, ಆಮೇಲೆ ರೇಷ್ಮೆಗೂಡು ಮಾರ್ಕೆಟ್ ರಸ್ತೆಯ ಈ ಹೆಂಚಿನ ಮನೆ. ಮೂವತ್ತೈದು ವರ್ಷ. ಆಲೂಗೆಡ್ಡೆಯನ್ನು ಮಾರುವುದಕ್ಕೆ ಅಂತ ಅಪ್ಪ ತಂದವನಲ್ಲ, ನಿನಗೆ ಗೊತ್ತಿದೆ. ಮೀನು ಹುರಿದ ಎಣ್ಣೆಗೆ ನಾಲ್ಕು ಬಿಲ್ಲೆ ಬಿಟ್ಟು, ಬೆಂದ ಮೇಲೆ ಒಂದನ್ನು ಮೂಗಿಗೆ ಹಿಡಿಯುವನು. ಬಿಲ್ಲೆ ನಾತ ಹೊಡೆದರೆ ಎಣ್ಣೆ ಮೋರಿಗೆ. ಹೊಡೆಯದಿದ್ದರೆ ಬಿಲ್ಲೆ ಮಕ್ಕಳ ಕೈಗೆ. ಮಕ್ಕಳು ತಿನ್ನುವುದನ್ನು ನೋಡಿ ದೊಡ್ಡವರು ಕೇಳಿದರು, ಆಮೇಲೆ ಚಿಕ್ಕಬಳ್ಳಾಪುರದಿಂದ ಮೂಟೆಗಟ್ಟಲೆ ಬರತೊಡಗಿತು. ಈಗ ಮೀನಿನ ಜೊತೆ ಬಿಲ್ಲೆ ಇಲ್ಲದಿದ್ದರೆ ಜನ ತಟ್ಟೆ ಮುಟ್ಟುವುದಿಲ್ಲ.

ನಿಮ್ಮ ಭಾವ ತೀರಿಕೊಂಡ ಮೇಲೆ ಈ ಅಂಗಡಿ ಬಿಟ್ಟು ನನಗೆ ಬೇರೆ ಬದುಕು ಗೊತ್ತಿಲ್ಲ. ಬಾರಪ್ಪ. ಅಪ್ಪನ ತಿಥಿಗೆ ಬಂದಾಗಲೂ ಅಂಗಡಿಯ ಮೆಟ್ಟಿಲು ಹತ್ತದೆ ಹೋದೆ. ಆ ಸಿಟ್ಟು ಇನ್ನೂ ಇಟ್ಟುಕೊಳ್ಳಬೇಡ.

ಆಂಜಿನಮ್ಮ


ಆಲಮಟ್ಟಿ ಕ್ಯಾಂಪು
9-3-2003

ಅಕ್ಕನಿಗೆ,

ನಿನ್ನ ಕಾಗದ ಬಂತು. ಮೂರು ಸಲ ಓದಿದೆ, ಕಾರಣ ಮಾತ್ರ ಸಿಗಲಿಲ್ಲ. ಆಂಧ್ರದ ಮೀನು ಅಂತೀಯ, ಬೋರ್ಡು ಅಂತೀಯ. ಬೋರ್ಡು ಅಳಿಸಲು ನಾನೇ ಯಾಕೆ ಬೇಕು? ಒಂದು ಡಬ್ಬಿ ಬಣ್ಣ ಸಾಕು. ನೀನು ಚಿಕ್ಕವಳಿದ್ದಾಗಲೂ ಹೀಗೇ. ಮಳೆ ಬಂದರೆ ಸೌದೆ ನೆನೆಯುತ್ತದೆ ಅಂತ ಅಳು, ಬರದಿದ್ದರೆ ಕೆರೆ ಒಣಗುತ್ತದೆ ಅಂತ ಅಳು.

ಇಲ್ಲಿ ಕಾಲುವೆ ಕೆಲಸದವರು ಇನ್ನೂರು ಜನ ಉಣ್ಣುತ್ತಾರೆ. ಮೆಸ್ಸಿನಲ್ಲಿ ನನ್ನ ಬಿಟ್ಟರೆ ಇಬ್ಬರೇ. ಜೋಳದ ರೊಟ್ಟಿ ತಟ್ಟುವುದನ್ನು ಕಲಿತಿದ್ದೇನೆ, ನೀನು ನೋಡಿದರೆ ನಗುತ್ತೀಯ. ಬಿಟ್ಟು ಬರಲು ಈಗ ಆಗುವುದಿಲ್ಲ, ಮಳೆಗಾಲ ಕಳೆಯಲಿ.

ಅಲ್ಲದೆ ನಾನು ಬಂದು ಮಾಡುವುದೇನಿದೆ? ಮೀನು ಹಿಡಿದು ನೋಡಿ ಇದು ಎಷ್ಟು ಹೊತ್ತಿನದು ಅಂತ ಹೇಳುತ್ತಿದ್ದದ್ದು ಅಪ್ಪ, ಅಪ್ಪನ ನಂತರ ನೀನು. ಆ ಮೂಗು ನಿನಗೇ ಬಂದದ್ದು. ನೀನಿರುವಾಗ ಅಂಗಡಿಗೆ ಏನೂ ಆಗುವುದಿಲ್ಲ.

ಮಗಳು ಜ್ಯೋತಿಲಕ್ಷ್ಮಿ ಮೇಲೂರಿನ ಗಂಡನ ಮನೆಯಲ್ಲಿ ಹೇಗಿದ್ದಾಳೆ? ಮದುವೆಯ ಫೋಟೋ ಬಂದು ಸೇರಿತು. ಅವಳಿಗೆ ನಮ್ಮಪ್ಪನ ಹಣೆ.

ವೇಣು


ಶಿಡ್ಲಘಟ್ಟ
6-4-2003

ವೇಣು,

ನಿನ್ನ ಕಾಗದ ಓದಿ ನಗು ಬರಲಿಲ್ಲ. ಹಬ್ಬದ ದಿನ ಯಾರಿಗೂ ಇಂಥದ್ದು ಬರೆಯಬಾರದು ಅಂತ ನಾಲ್ಕು ದಿನ ತಡೆದುಕೊಂಡಿದ್ದೆ.

ಯುಗಾದಿ ಮಾರನೇ ದಿನ ಹೊಸತೊಡಕಿಗೆ ಅಂಗಡಿ ತುಂಬ ಜನ. ಕೂತವರಿಗಿಂತ ನಿಂತವರೇ ಹೆಚ್ಚು. ಕಾಟ್ಲಾ ಮೀನು ಮೂರು ಪೆಟ್ಟಿಗೆ ಇಳಿಸಿದ್ದೆ. ಎರಡನೇ ಪೆಟ್ಟಿಗೆ ಬಿಚ್ಚುವಾಗ ಅಲ್ಲೇ ಕುಸಿದು ಕೂತುಬಿಟ್ಟೆ. ಬಿಸಿಲಿಗೆ ಅಂತ ಎಲ್ಲರೂ ಗಾಳಿ ಬೀಸಿದರು.

ಬಿಸಿಲಿಗಲ್ಲ ಕಣೋ. ನನಗೆ ವಾಸನೆ ಬರುವುದಿಲ್ಲ.

ಹೋದ ದೀಪಾವಳಿಗೆ ನೆಗಡಿ ಹತ್ತಿತು, ಹದಿನೈದು ದಿನ ಇತ್ತು. ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಕಿತ್ತುಕೊಂಡು ಹೋಯಿತು. ನನಗೇ ಗೊತ್ತಾಗಿರಲಿಲ್ಲ. ಒಂದು ದಿನ ಪಕ್ಕದ ಮನೆ ಗಂಗುಲಮ್ಮ ಬಾಗಿಲಿಗೆ ಓಡಿ ಬಂದು, "ಏನಮ್ಮೋ ಆಂಜಿನಮ್ಮ, ಒಲೆ ಮುಂದೇನೇ ಕೂತ್ಕೊಂಡು ಹಾಲು ಸೀಯಿಸ್ತಿದ್ದೀಯಲ್ಲ, ಮೂಗೇನು ಸಂತೇಲಿ ಬಿಟ್ ಬಂದ್ಯಾ?" ಅಂದಳು. ನಾನೂ ಅವಳ ಜೊತೆ ನಕ್ಕೆ. ಅವಳು ಹೋದ ಮೇಲೆ ಬೆಳ್ಳುಳ್ಳಿ ಜಜ್ಜಿ ಮೂಸಿದೆ, ಸೀಮೆಎಣ್ಣೆ ಡಬ್ಬಿ ಬಿಚ್ಚಿ ಮೂಸಿದೆ. ನೀರು ಮೂಸಿದ ಹಾಗೆ.

ಅವತ್ತಿನಿಂದ ಕಣ್ಣಿನಲ್ಲಿ ಅಂಗಡಿ ನಡೆಸುತ್ತಿದ್ದೇನೆ. ಕಿವಿರು ಬಿಡಿಸಿ ಕೆಂಪು ನೋಡುತ್ತೇನೆ, ಬೆರಳಲ್ಲಿ ಒತ್ತಿ ಕುಳಿ ಏಳುತ್ತದೋ ಇಲ್ಲವೋ ನೋಡುತ್ತೇನೆ. ಐಸಿನಲ್ಲಿಟ್ಟ ಮೀನು ಕಣ್ಣಿಗೆ ಮೋಸ ಮಾಡುತ್ತದೆ. ಮೀನು ಉಜ್ಜಿ ಕೊಡುವ ಚಿಕ್ಕವೆಂಕಟಮ್ಮನಿಗೆ ಮೊದಲ ತುಂಡು ಕೊಟ್ಟು ಉಪ್ಪು ನೋಡೇ ಅನ್ನುತ್ತೇನೆ. ಅವಳು "ಚೆನ್ನಾಗೈತೆ ಬುಡಕ್ಕ" ಅನ್ನುತ್ತಾಳೆ. ಒಂದು ದಿನ ಬೇಕೆಂದೇ ಉಪ್ಪು ಹಾಕದೆ ಕೊಟ್ಟೆ. ಚೆನ್ನಾಗೈತೆ ಬುಡಕ್ಕ. ಅವಳನ್ನು ನಂಬಿಕೊಂಡು ಊರಿಗೆಲ್ಲ ಉಣ್ಣಿಸಲಾ?

ಯಾರಿಗೂ ಹೇಳಿಲ್ಲ. ಜ್ಯೋತಿಗೂ ಹೇಳಿಲ್ಲ. ಮೀನಂಗಡಿಯವಳಿಗೆ ವಾಸನೆ ಬರುವುದಿಲ್ಲ ಅಂತ ಒಬ್ಬರ ಕಿವಿಗೆ ಬಿದ್ದರೆ ಸಂಜೆಯೊಳಗೆ ಅಂಗಡಿ ಮುಗಿಯಿತು. ಹೇಳದೆ ನಡೆಸಿದರೆ ಯಾವತ್ತೋ ಒಂದು ದಿನ ಒಬ್ಬರ ಹೊಟ್ಟೆಗೆ ವಿಷ ಹಾಕುತ್ತೇನೆ. ಎರಡರಲ್ಲಿ ಯಾವುದು ಮೊದಲು ಅಂತ ಯೋಚಿಸಿ ಯೋಚಿಸಿ ಸಾಕಾಗಿದೆ.

ನಿನಗೂ ಮೂಗಿದೆ. ಅಪ್ಪನೇ ಹೇಳುತ್ತಿದ್ದ. ಬಂದುಬಿಡು.

ಆಂಜಿನಮ್ಮ


ಆಲಮಟ್ಟಿ ಕ್ಯಾಂಪು
27-4-2003

ಅಕ್ಕ,

ಇದಕ್ಕಾ ಇಷ್ಟು ಸಂಕಟ? ನೆಗಡಿಯಿಂದ ಹೋದದ್ದು ತಾನಾಗಿ ಬರುತ್ತದೆ. ಇಲ್ಲಿ ನಮ್ಮ ಸ್ಟೋರ್‌ಕೀಪರಿಗೂ ಹಾಗಾಗಿತ್ತು, ಎರಡು ತಿಂಗಳಲ್ಲಿ ಸರಿಹೋಯಿತು. ಓಮದ ಕಾಳು ಬಟ್ಟೆಯಲ್ಲಿ ಕಟ್ಟಿ ಬಿಸಿ ಮಾಡಿ ಮೂಸು, ಹಬೆ ತೆಗೆದುಕೋ. ಚಿಕ್ಕಬಳ್ಳಾಪುರದಲ್ಲಿ ಕಿವಿ ಮೂಗಿನ ಡಾಕ್ಟರು ಇರುತ್ತಾರೆ, ಬಸ್ಸಿನಲ್ಲಿ ಒಂದು ಗಂಟೆ. ಅಂಗಡಿ ಒಂದು ದಿನ ಮುಚ್ಚಿದರೆ ಊರೇನೂ ಉಪವಾಸ ಬೀಳುವುದಿಲ್ಲ.

ಅಲ್ಲಿಯ ತನಕ ಮೀನು ಕಡಿಮೆ ತರಿಸು, ಬಿಲ್ಲೆ ಹೆಚ್ಚು ಮಾಡು. ಒಂದು ದಿನದ ಮೀನು ಒಂದೇ ದಿನಕ್ಕೆ ಮುಗಿಯುವಷ್ಟು. ಉಳಿದರೆ ಇಟ್ಟುಕೊಳ್ಳಬೇಡ. ಇದೊಂದು ಮಾತು ನನ್ನದು ಅಂತ ನಡೆಸಿಕೊಡು.

ಇಲ್ಲಿ ಬಿಸಿಲು ವಿಪರೀತ. ಬರುವ ವಿಷಯ ಮುಂದೆ ನೋಡೋಣ.

ವೇಣು


ಶಿಡ್ಲಘಟ್ಟ
3-8-2003

ವೇಣುಗೋಪಾಲನಿಗೆ,

ಮೂರು ತಿಂಗಳು ಬರೆಯಲಿಲ್ಲ. ನೀನೂ ಕೇಳಲಿಲ್ಲ. ಡಾಕ್ಟರ ಹತ್ತಿರ ಹೋಗಿದ್ದೆ. ಟಾರ್ಚು ಹಾಕಿ ನೋಡಿ, ಇಷ್ಟು ದಿನ ಆದಮೇಲೆ ಬಂದರೆ ಬರಬಹುದು, ಬರದಿದ್ದರೆ ಇಲ್ಲ ಅಂದರು. ಅಷ್ಟು ನನಗೂ ಗೊತ್ತಿತ್ತು. ಓಮದ ಗಂಟು ಮೂಸಿ ಮೂಸಿ ಮೂಗಿನ ತುದಿ ಸುಟ್ಟುಕೊಂಡಿದ್ದೇ ಬಂತು.

ಈಗ ಬರೆಯುವುದು ಬೇರೆ ವಿಷಯ. ಜ್ಯೋತಿಗೆ ಐದು ತಿಂಗಳು. ಅವಳು ರೇಷ್ಮೆಹುಳ ಸಾಕುವ ಮನೆ ಸೇರಿದವಳು. ಹುಳ ಇರುವಾಗ ಮೀನಿನ ವಾಸನೆ ಹೊತ್ತು ಆ ಮನೆಗೆ ಯಾರೂ ಹೋಗಬಾರದು, ಹುಳಕ್ಕೆ ಆಗುವುದಿಲ್ಲ. ಗೂಡು ಮಾರ್ಕೆಟ್ಟಿಗೆ ಬರುವ ರೈತರೇ ನೋಡು, ಗೂಡು ಮಾರಿ ಮನೆ ಖಾಲಿಯಾದ ಮೇಲೆ ನಮ್ಮ ಬೆಂಚಿಗೆ ಬರುತ್ತಾರೆ, ಹುಳ ತಟ್ಟೆಯಲ್ಲಿರುವಾಗ ನಮ್ಮ ರಸ್ತೆಯಲ್ಲೇ ನಡೆಯುವುದಿಲ್ಲ. ಮಗಳ ಮನೆಗೆ ಹೋಗುವುದಾದರೂ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಹೋಗುತ್ತಿದ್ದೆ.

ಹೋದ ತಿಂಗಳು ಅವಳಿಗೆ ವಾಂತಿ ಜಾಸ್ತಿ, ಅನ್ನ ಸೇರುತ್ತಿಲ್ಲ ಅಂತ ಸುದ್ದಿ ಬಂತು. ತಡೆಯಲಾಗಲಿಲ್ಲ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿದ್ದವಂತೆ, ಇನ್ನು ವಾರದಲ್ಲಿ ಗೂಡು. ಎರಡು ಸಲ ಸೀಗೆಪುಡಿ ಹಾಕಿ ತಲೆಗೆ ಸ್ನಾನ ಮಾಡಿದೆ. ಹುಣಸೆಹಣ್ಣಿನಲ್ಲಿ ಕೈ ಉಜ್ಜಿದೆ. ಮೊದಲೆಲ್ಲ ಹೀಗೆ ತಯಾರಾಗಿ ಸೆರಗು ಮೂಸಿ ನೋಡಿಕೊಂಡೇ ಹೊರಡುತ್ತಿದ್ದೆ. ಅವತ್ತೂ ಮೂಸಿದೆ, ಅಭ್ಯಾಸಬಲ. ಏನೂ ಬರಲಿಲ್ಲ. ಏನೂ ಇಲ್ಲ ಅಂದುಕೊಂಡೆ. ನನಗೆ ಬರುವುದೇ ಇಲ್ಲ ಅನ್ನುವುದು ಆ ಅವಸರದಲ್ಲಿ ಮರೆತೇಹೋಯಿತು ನೋಡು. ಆ ಸೀರೆ ಬಾಣಲೆಯ ಹಿಂದಿನ ಗೋಡೆಯ ಆಚೆ, ಹೊಗೆ ಹೋಗುವ ಕಡೆ ಹಗ್ಗದ ಮೇಲಿತ್ತು.

ಜ್ಯೋತಿ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದಳು. ನಾನು ಒಳಕ್ಕೇ ಹೋಗಿಬಿಟ್ಟೆ. ಅವಳು ಹತ್ತಿರ ಬಂದವಳು ನಿಂತಳು, ಏನೋ ಹೇಳಲು ಬಾಯಿ ತೆರೆದಳು, ನನ್ನ ಮುಖ ನೋಡಿ ಸುಮ್ಮನಾದಳು. ಅವಳ ಅತ್ತೆ ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದು, "ಬೀಗಿತ್ತೀ, ಹೊರಗ್ ಕೂತ್ಕೊಳ್ಳಿ, ಕಾಫಿ ಅಲ್ಲಿಗೇ ತರ್ತೀನಿ" ಅಂದಾಗ ನನಗೆ ಅರ್ಥವಾಯಿತು.

ಆ ಬೆಳೆ ಹೋಯಿತು. ಅರ್ಧಕ್ಕರ್ಧ ಹುಳ ತಟ್ಟೆಯಲ್ಲೇ ಕಪ್ಪಾಗಿ ಸತ್ತವು. ಅವಳ ಮಾವ ವೆಂಕಟರವಣಪ್ಪ ಒಳ್ಳೆಯ ಮನುಷ್ಯ, ಸೊಪ್ಪು ಒದ್ದೆಯಿತ್ತು ಬಿಡಿ ಅಂದ. ಇರಬಹುದು. ಲಕ್ಷ್ಮಿದೇವಮ್ಮ ಮಾತ್ರ ನಾನು ಕೂತಿದ್ದ ಜಗಲಿಯನ್ನು ಗಂಜಲ ಹಾಕಿ ತೊಳೆದಳಂತೆ. ಇನ್ನು ನಾನು ಮೇಲೂರಿಗೆ ಯಾವ ಮುಖ ಹೊತ್ತು ಹೋಗಲಿ?

ನೀನು ಯುಗಾದಿಗೆ ಬಂದಿದ್ದರೆ ಇದಾಗುತ್ತಿರಲಿಲ್ಲ. ಬರೆಯಬಾರದು, ಬರೆಯುತ್ತಿದ್ದೇನೆ. ಒಂದು ಆಲೂಗೆಡ್ಡೆಯ ಮಾತಿಗೆ ಹನ್ನೆರಡು ವರ್ಷ ಮುನಿಸೇನೋ? ನೀನು ಗಿರಾಕಿಗೆ ಮೀನು ಬಿಟ್ಟು ಆಲೂಗೆಡ್ಡೆ ತಿನ್ನಿ ಅಂದೆ. "ಮೀನಿನ ಅಂಗಡೀಲಿ ಆಲೂಗೆಡ್ಡೆ ಮಾರಕ್ ಬಂದವ್ನೆ" ಅಂತ ಅಪ್ಪ ಒಂದು ಏಟು ಹಾಕಿದ. ಯಾವ ಮನೆಯಲ್ಲಿ ಹಾಕಲ್ಲ?

ಆಂಜಿನಮ್ಮ


ಆಲಮಟ್ಟಿ ಕ್ಯಾಂಪು
24-8-2003

ಅಕ್ಕ,

ಜ್ಯೋತಿ ಮನೆಯ ವಿಷಯ ಓದಿ ಬಹಳ ನೋವಾಯಿತು. ಆದರೆ ಆಲೂಗೆಡ್ಡೆಯ ಮಾತು ನೀನೇ ಎತ್ತಿದ್ದೀಯ. ಹನ್ನೆರಡು ವರ್ಷ ನಾನು ಎತ್ತಲಿಲ್ಲ.

ನೀವೆಲ್ಲ ಹಾಗೇ ಹೇಳಿಕೊಂಡು ಬಂದಿದ್ದೀರಿ. ನಾನೂ ಇರಲಿ ಅಂತ ಬಿಟ್ಟೆ. ಅವತ್ತು ನಾನು ಆ ಮನುಷ್ಯನಿಗೆ, "ಅಣ್ಣಾ, ಇವತ್ತು ಮೀನು ಬೇಡ, ಆಲೂಗೆಡ್ಡೆ ತಿನ್ನಿ" ಅಂದೆ. ನಿಜ. ಯಾಕೆ ಅಂದೆ ಅಂತ ಯಾರೂ ಕೇಳಲಿಲ್ಲ. ಅದು ಹಿಂದಿನ ದಿನದ ಮೀನು. ಹಬ್ಬಕ್ಕೆ ಅಂತ ಹೆಚ್ಚು ತರಿಸಿ ಉಳಿದಿತ್ತು. ಅಪ್ಪ ಖಾರ, ಹುಣಸೆ, ಬೆಳ್ಳುಳ್ಳಿ ಎರಡರಷ್ಟು ಮೆತ್ತಿದ. ಮೆತ್ತಿದರೂ ವಾಸನೆ ಹೊಡೆಯುತ್ತಿತ್ತು. ನಾನು ಹೇಳಿದೆ, ಅಪ್ಪ ಹತ್ತು ಜನರ ಮುಂದೆ ಜಾಲರಿ ಸೌಟಿನಲ್ಲಿ ಹೊಡೆದ. ಬಿಸಿ ಸೌಟು. ಕಿವಿಯ ಕೆಳಗೆ ಗುರುತಿದೆ.

ನನಗೆ ಅಪ್ಪನ ಮೇಲೆ ಸಿಟ್ಟಿಲ್ಲ ಅಕ್ಕ. ನೀನು ಪಕ್ಕದಲ್ಲೇ ಹಿಟ್ಟು ಕಲೆಸುತ್ತಿದ್ದೆ. ಊರಿಗೆಲ್ಲ ಗೊತ್ತಿದ್ದ ಮೂಗು ನಿನ್ನದು. ನಾನು ನಿನ್ನ ಕಡೆ ತಿರುಗಿ, "ಅಕ್ಕ, ನೀನಾದ್ರೂ ಹೇಳು" ಅಂದೆ. ನೀನು ಹಿಟ್ಟಿನ ಪಾತ್ರೆಯಿಂದ ತಲೆ ಎತ್ತಲಿಲ್ಲ.

ನಿನಗೂ ವಾಸನೆ ಬಂದಿತ್ತಾ, ಇಲ್ಲವಾ? ಇಷ್ಟು ಕೇಳಬೇಕು ಅಂತ ಪ್ರತಿ ಕಾಗದದಲ್ಲೂ ಅಂದುಕೊಂಡು ಬಿಸಿಲು, ರೊಟ್ಟಿ ಅಂತ ಬರೆದು ಮುಗಿಸುತ್ತಿದ್ದೆ.

ಇಲ್ಲಿ ಹಿನ್ನೀರಿನಿಂದ ದೊಡ್ಡ ದೊಡ್ಡ ಮೀನು ತಂದು ಕೊಡುತ್ತಾರೆ. ನಾನು ಮುಟ್ಟುವುದಿಲ್ಲ, ಇನ್ನೊಬ್ಬ ಅಡಿಗೆಯವನಿಗೆ ಬಿಡುತ್ತೇನೆ. ಆ ಬಾಣಲೆ ಮುಂದೆ ನಿಲ್ಲು ಅಂತ ನೀನು ಕರೆಯುತ್ತೀಯ. ನಿಂತು ನಾನು ಇದು ಬೇಡ ಅಂದರೆ, ಈ ಸಲ ನೀನು ಏನು ಮಾಡುತ್ತೀಯ?

ವೇಣು


ಶಿಡ್ಲಘಟ್ಟ
2-11-2003

ವೇಣಪ್ಪ,

ಎರಡು ತಿಂಗಳ ಮೇಲಾಯಿತು. ನಾಲ್ಕು ಇನ್‌ಲ್ಯಾಂಡು ಹಾಳು ಮಾಡಿದೆ.

ಬಂದಿತ್ತು. ವಾಸನೆ ಬಂದಿತ್ತು. ಪೆಟ್ಟಿಗೆ ಬಿಚ್ಚಿದಾಗಲೇ ಬಂದಿತ್ತು, ನಿನಗಿಂತ ಮುಂಚೆ. ಅಪ್ಪನ ಮುಖ ನೋಡಿ ಸುಮ್ಮನಿದ್ದೆ. ಅಪ್ಪ ಕೋಪ ಮಾಡುತ್ತಾನೆ, ಜನ ಎದ್ದು ಹೋಗುತ್ತಾರೆ, ಅಂಗಡಿ ಹೋಗುತ್ತದೆ, ಜ್ಯೋತಿ ಇನ್ನೂ ಚಿಕ್ಕವಳು, ಹೀಗೆ ಒಂದರ ಹಿಂದೆ ಒಂದು ಬಂದವು. ನನಗೆ ಯಾವಾಗಲೂ ಹೀಗೇ, ಭಯಗಳೇ ಮೊದಲು ಬರುತ್ತವೆ, ಮಾತು ಕೊನೆಗೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀನು ಮನೆ ಬಿಟ್ಟು ಹೋದ ಮಾರನೇ ದಿನ ಅಪ್ಪ ಉಳಿದ ಮೀನನ್ನೆಲ್ಲ ಹಿತ್ತಲಲ್ಲಿ ಗುಂಡಿ ತೆಗೆದು ಹೂತ. ಆಮೇಲೆ ಸಾಯುವ ತನಕ ಒಂದು ದಿನವೂ ನಿನ್ನೆಯ ಮೀನು ಇಡಲಿಲ್ಲ. ಯಾಕೆ ಅಂತ ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ನಿನಗೆ ಬರೆಯಬೇಕು ಅಂತಲೂ ತೋಚಲಿಲ್ಲ.

ಹೋದ ಗುರುವಾರ ಆಂಧ್ರದವನು ಪೆಟ್ಟಿಗೆ ಇಳಿಸಲು ಬಂದ. ವಾಪಸು ಕಳಿಸಿದೆ. ಮಧ್ಯಾಹ್ನ ಮಾರ್ಕೆಟ್ ಮುಗಿಸಿಕೊಂಡು ಐದಾರು ಜನ ಬಂದು ಬೆಂಚಿಗೆ ಕೂತರು. ನೂಲು ಬಿಚ್ಚುವ ರೀಲರ್ ಬಯ್ಯಪ್ಪ, "ಏನಕ್ಕ, ಒಲೆ ತಣ್ಣಗೈತೆ. ಎಣ್ಣೇಗೂ ರಜ ಕೊಟ್ಯಾ?" ಅಂದ.

ನಿಂತುಕೊಂಡೇ ಹೇಳಿದೆ. "ಬಯ್ಯಪ್ಪ, ಒಂದು ವರ್ಷದಿಂದ ನಂಗೆ ವಾಸನೆ ಬರಲ್ಲ ಕಣಪ್ಪ. ಅಂದಾಜಿನ ಮೇಲೆ ಹುರಿದು ನಿಮಗೆಲ್ಲ ಇಕ್ಕಿದ್ದೀನಿ. ತಪ್ಪಾಯ್ತು." ನನ್ನ ದನಿ ನನಗೇ ಕೇಳಲಿಲ್ಲ, ಇನ್ನೊಂದು ಸಲ ಹೇಳಿದೆ.

ಒಬ್ಬ ನಕ್ಕುಬಿಟ್ಟ. "ಅಷ್ಟೇನಾ? ನಾವ್ಯಾರೂ ಸತ್ತಿಲ್ಲವಲ್ಲಮ್ಮೋ, ಹಾಕು ಎರಡು ತುಂಡು" ಅಂದ.

ಬಯ್ಯಪ್ಪ ನಗಲಿಲ್ಲ. "ಇಪ್ಪತ್ತು ವರ್ಷ ಬಿಸಿನೀರಿನ ಬಟ್ಟಲ ಮುಂದೆ ಕೂತು ಗೂಡು ಬೇಯಿಸ್ದೋನು ನಾನು. ಆ ನಾತಕ್ಕೆ ನನ್ ಮೂಗು ಯಾವತ್ತೋ ಸತ್ತೋಯ್ತು. ಇಲ್ಲಿ ಕೂತಿರೋ ರೀಲರಲ್ಲಿ ಯಾರಿಗೈತೆ ಹೇಳು. ನಿನಗೈತೆ ಅಂತ ತಿಂತಿದ್ವಿ ಅಕ್ಕ" ಅಂದ. ಎದ್ದು, ಚೊಂಬಿನಲ್ಲಿ ನೀರು ಕುಡಿದು ಹೋದ. ಅವನ ಹಿಂದೆ ಒಬ್ಬೊಬ್ಬರೇ ಹೋದರು. ನಕ್ಕವನೂ ಹೋದ.

ಮೂರು ದಿನದಿಂದ ಬಾಗಿಲು ಹಾಕಿದೆ. ಊರಿಗೆಲ್ಲ ಗೊತ್ತಾಗಿದೆ. ಇಷ್ಟು ದಿನ ಇದಕ್ಕೇ ಹೆದರಿದ್ದೆ, ಆಗಿಹೋದ ಮೇಲೆ ಬರೀ ಸುಸ್ತು. ಹಗಲೆಲ್ಲ ನಿದ್ದೆ ಬರುತ್ತದೆ. ಜ್ಯೋತಿ ಸುದ್ದಿ ಕೇಳಿ ಗಂಡನ ಜೊತೆ ಬಂದಳು. "ಅವತ್ತೇ ಹೇಳ್ಬೇಕಿತ್ತಮ್ಮ, ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ" ಅಂತ ಅತ್ತಳು. ಅವಳನ್ನು ಬೈಯಲು ನನಗೆ ಬಾಯಿಲ್ಲ.

ಬಾಣಲೆಗೆ ಬಾ ಅಂತ ಇನ್ನು ಕರೆಯುವುದಿಲ್ಲ. ಸುಮ್ಮನೆ ಬರುವುದಾದರೆ ಬಾ, ಬರದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ. ನೀನು ಕೇಳಿದ್ದಕ್ಕೆ ಹೇಳಿದ್ದೇನೆ. ನಾನೂ ಒಂದು ಕೇಳುತ್ತೇನೆ. ಅವತ್ತು ನೀನು ಬೇಡ ಅಂದ ಮೇಲೆ ಆ ಮನುಷ್ಯ ಮೀನು ತಿಂದನಾ, ಬಿಟ್ಟನಾ? ನಾನು ತಲೆ ತಗ್ಗಿಸಿದ್ದೆ, ನೋಡಲಿಲ್ಲ.

ನಿನ್ನ ಅಕ್ಕ
ಆಂಜಿನಮ್ಮ


ಆಲಮಟ್ಟಿ ಕ್ಯಾಂಪು
16-11-2003

ಅಕ್ಕ,

ಇಪ್ಪತ್ತೊಂಬತ್ತಕ್ಕೆ ರಜ ಕೊಟ್ಟಿದ್ದಾರೆ. ಮಾರನೇ ದಿನ ಬಂದು ಸೇರುತ್ತೇನೆ. ಅಂಗಡಿ ತೆಗೆಯುತ್ತೇವೋ ಇಲ್ಲವೋ ಇಬ್ಬರೂ ಕೂತು ಮಾತಾಡೋಣ. ಈಗಲೇ ಅದನ್ನು ಹಿಡಿದು ಕೊರಗಬೇಡ.

ತಿಂದ ಅಕ್ಕ. ಅಪ್ಪ ಹೊಡೆದ ಮೇಲೆ ಆ ಮನುಷ್ಯ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. ಎದ್ದು ಹೋದರೆ ಅಪ್ಪನ ಮರ್ಯಾದೆ ಹೋಗುತ್ತದೆ ಅಂತ ಇರಬೇಕು, ನಾಲ್ಕು ತುಂಡನ್ನೂ ನಿಧಾನವಾಗಿ ತಿಂದ. ಕೈ ತೊಳೆದುಕೊಂಡು, ಹೋಗುವಾಗ ನನ್ನ ಭುಜ ಮುಟ್ಟಿ, "ಬೇಜಾರ್ ಮಾಡ್ಕೋಬೇಡ ಕಣಪ್ಪ" ಅಂದ. ಚಿಂತಾಮಣಿ ಬಸ್ಸು ಹತ್ತಿದ.

ನಾನು ಸಿಟ್ಟಿನಿಂದ ಮನೆ ಬಿಟ್ಟೆ ಅಂತ ನೀವು ತಿಳಿದಿದ್ದೀರಿ. ದಾರಿಯಲ್ಲಿ ಅವನಿಗೆ ಏನಾದರೂ ಆದರೆ ಯಾರಾದರೂ ಜೊತೆಗಿರಬೇಕು ಅಂತ ಉಟ್ಟ ಬಟ್ಟೆಯಲ್ಲೇ ಹಿಂದೆ ಓಡಿ ಅದೇ ಬಸ್ಸು ಹತ್ತಿದೆ. ಅವನು ಮುಂದಿನ ಸೀಟಿನಲ್ಲಿ ಕೂತಿದ್ದ. ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದ. ಚಿಂತಾಮಣಿ ಇನ್ನೂ ದೂರ ಇರುವಾಗ ಒಂದು ಆಲದಮರದ ಹತ್ತಿರ ಇಳಿದು, ಟವಲ್ ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿದ. ಚೆನ್ನಾಗಿಯೇ ನಡೆಯುತ್ತಿದ್ದ. ಕಂಡಕ್ಟರ್ ನನ್ನ ಕಡೆ ನೋಡಿ, "ಇಳೀತೀಯೇನಯ್ಯಾ?" ಅಂದ.

ನಾನು ಇಳಿಯಲಿಲ್ಲ.

ವೇಣು